ನೆಲ ಕೀಳುವ ಮೊದಲು ಬೀದಿ ನೋಡಿ

ಶಿಡ್ಲಘಟ್ಟ, ಚಿಂತಾಮಣಿಯ ಹಳೇ ಪೇಟೆ ಬೀದಿಗಳಲ್ಲಿ ಓಡಾಡುವಾಗ ಮನೆಗಳ ಹೊಸ್ತಿಲ ಕಡೆ ಒಮ್ಮೆ ಕಣ್ಣು ಹಾಯಿಸಿ. ಎರಡು ಮೂರು ಮೆಟ್ಟಿಲು ಹತ್ತಿ ಜಗುಲಿಗೆ, ಜಗುಲಿ ದಾಟಿ ಒಳಕ್ಕೆ ಹೋಗಬೇಕಾಗಿದ್ದ ಮನೆಗಳಲ್ಲಿ ಎಷ್ಟೋ ಈಗ ಬೀದಿಗೆ ಸಮವಾಗಿವೆ. ಕೆಲವಕ್ಕಂತೂ ಬೀದಿಯಿಂದ ಇಳಿದು ಹೋಗಬೇಕು. ಮನೆ ಕುಸಿದಿಲ್ಲ, ಬೀದಿ ಏರಿದೆ. ಜಲ್ಲಿ ರಸ್ತೆಯ ಮೇಲೆ ಡಾಂಬರು, ಡಾಂಬರಿನ ಮೇಲೆ ಇನ್ನೊಂದು ಸಲ ಡಾಂಬರು, ಅದರ ಮೇಲೆ ಸಿ.ಸಿ. ರಸ್ತೆ. ಹಳೆಯದನ್ನು ಅಗೆದು ಹಾಕಿ ಹೊಸದು ಮಾಡುವ ತಾಪತ್ರಯ ಯಾವ ಗುತ್ತಿಗೆದಾರನಿಗೂ ಬೇಡ. ಒಂದೊಂದು ಚುನಾವಣೆಗೆ ಒಂದೊಂದು ಪದರ ಎಂದರೂ ತಪ್ಪಾಗಲಾರದು.

ಆ ಹೊಸ್ತಿಲಿನ ಒಳಗೆ ನಡೆಯುವುದು ಬೇರೆ ಕಥೆ. ಮಳೆಗಾಲದಲ್ಲಿ ನಡುಮನೆಯ ಚಪ್ಪಡಿ ಬೆವರುತ್ತದೆ. ಮೂಲೆಯ ಕಲ್ಲು ಕಾಲಿಟ್ಟರೆ ಆಡುತ್ತದೆ. ಕೆಂಪು ಗಾರೆ ಅಲ್ಲಲ್ಲಿ ಉಬ್ಬಿ ಒಡೆಯುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಕಾರಿ ಸುಣ್ಣ ಉದುರುತ್ತದೆ. ಮನೆಯಲ್ಲೊಂದು ಮದುವೆಯೋ ನಾಮಕರಣವೋ ಗೊತ್ತಾದ ಕೂಡಲೇ ಯಜಮಾನರಿಗೆ ನೆಲದ ನೆನಪಾಗುತ್ತದೆ.

“ಮೇಸ್ತ್ರಿ, ಇದನ್ನೆಲ್ಲ ಕೀಳ್ತಾ ಕೂತ್ರೆ ಮುಗಿಯಲ್ಲ. ಮೇಲೇ ಟೈಲ್ಸ್ ಹಾಕ್ಬಿಡಿ.”

“ಆಯ್ತಣ್ಣ, ಒಂದು ವಾರದಲ್ಲಿ ಮುಗಿಸಿ ಕೊಡ್ತೀನಿ.”

ಈ ಎರಡು ಮಾತಿನ ಒಪ್ಪಂದವೇ ಎಷ್ಟೋ ಹಳೆಯ ಮಣ್ಣಿನ ಗೋಡೆಗಳಿಗೆ ಮುಳುವಾಗಿದೆ. ಹಳೆ ಮನೆಯಲ್ಲಿ ನೆಲ, ಗೋಡೆ, ಬೀದಿ ಬೇರೆ ಬೇರೆಯಲ್ಲ. ಒಂದರ ನೀರು ಇನ್ನೊಂದಕ್ಕೆ ಹೋಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡದೆ ನೆಲವನ್ನು ಮುಚ್ಚಿದರೆ ನೆಲ ಚೆನ್ನಾಗಿ ಕಾಣುತ್ತದೆ, ಗೋಡೆ ಸಾಯುತ್ತದೆ. ನೆಲದ ರಿಪೇರಿ ಎಂದರೆ ಮುಚ್ಚುವುದಲ್ಲ, ಎತ್ತಿ ಸರಿಮಾಡಿ ಮತ್ತೆ ಕೂರಿಸುವುದು ಎಂಬುದು ನನ್ನ ವಾದ. ಒಂದು ಜಾಗದಲ್ಲಿ ಮಾತ್ರ ಈ ವಾದವನ್ನು ಬಿಟ್ಟುಕೊಡುತ್ತೇನೆ. ಅದು ರೇಷ್ಮೆ ಹುಳುವಿನ ಮನೆ. ಆ ಮಾತು ಮುಂದೆ ಬರುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಹಳೆಯ ಮನೆಯ ಕಟ್ಟು ಹೀಗಿರುತ್ತದೆ: ಕಾಡುಗಲ್ಲಿನ ಪಾಯ, ಅದರ ಮೇಲೆ ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ ಜಂತೆ, ಅದರ ಮೇಲೆ ಕಲ್ಲು ಚಪ್ಪಡಿ ಅಥವಾ ಹಲಗೆ, ಅದಕ್ಕೂ ಮೇಲೆ ಮಣ್ಣಿನ ಮಾಳಿಗೆ. ಪಾಯದ ನಡುವೆ ಮಣ್ಣು ತುಂಬಿಸಿ, ದಿಮ್ಮಸಿನಿಂದ ಬಡಿದು, ಮೇಲೆ ಸಗಣಿ ಸಾರಿಸಿದರೆ ಬಡವರ ನೆಲ. ಚಪ್ಪಡಿ ಹಾಸಿದರೆ ಅನುಕೂಲಸ್ಥರ ನೆಲ. ಎರಡರಲ್ಲೂ ಭೂಮಿಯ ತೇವ ಮೇಲೆ ಬರುತ್ತದೆ, ಬಂದು ಆರಿಹೋಗುತ್ತದೆ. ಚಪ್ಪಡಿಗಳ ಸಂದು ಸುಣ್ಣದ್ದಾದ್ದರಿಂದ ಅಲ್ಲಿಂದ ತೇವ ಹೊರಬೀಳುತ್ತದೆ. ಮಣ್ಣು ಒಣಗಿದ್ದಾಗ ಎರಡು ತಲೆಮಾರು ಭಾರ ಹೊರುತ್ತದೆ, ನೆನೆದಾಗ ತನ್ನ ಭಾರವನ್ನೇ ಹೊರಲಾರದು.

ಈಗ ಈ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಿ ನೋಡಿ. ಈ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ, ಅದನ್ನು ತಯಾರಿಸುವುದೇ ಹಾಗೆ. ಕೆಳಗಿನ ತೇವಕ್ಕೆ ಮೇಲೆ ಬರಲು ದಾರಿ ಇಲ್ಲ. ಅದು ಪಕ್ಕಕ್ಕೆ ಸರಿದು, ಬತ್ತಿ ಎಣ್ಣೆ ಹೀರುವಂತೆ ಮಣ್ಣಿನ ಗೋಡೆಯಲ್ಲಿ ಮೇಲೇರುತ್ತದೆ. ಬುಡ ಉದುರಿತೆಂದು ಯಜಮಾನರು ಅಲ್ಲಿಗೆ ಮೂರಡಿ ಸಿಮೆಂಟ್ ಪ್ಲಾಸ್ಟರ್ ಮಾಡಿಸುತ್ತಾರೆ. ಆ ದಾರಿಯೂ ಮುಚ್ಚಿತು. ತೇವ ಇನ್ನೂ ಮೇಲೇರಿ ನಾಲ್ಕನೇ ಅಡಿಯಲ್ಲಿ ಉಪ್ಪು ಕಾರುತ್ತದೆ. ಪ್ಲಾಸ್ಟರಿನ ಹಿಂದೆ ಗೋಡೆಯ ಬುಡ ಮೆತ್ತಗಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. 2021ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಿಡಿದು ಸುರಿದ ಮಳೆಗೆ ಕೆರೆ ಕೋಡಿ ಬಿದ್ದವು, ಮಣ್ಣಿನ ಮನೆಗಳೂ ಬಿದ್ದವು. ಅವೆಲ್ಲಕ್ಕೂ ಟೈಲ್ಸೇ ಕಾರಣ ಎನ್ನುವುದು ಅನ್ಯಾಯದ ಮಾತಾದೀತು. ಆದರೆ ಬುಡ ಒಣಗಿರುವ ಮಣ್ಣಿನ ಗೋಡೆ ಮಳೆಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಇದು ನಮ್ಮ ಮಣ್ಣಿನ ಮನೆಗಳಿಗಷ್ಟೇ ಅಂಟಿದ ರೋಗವಲ್ಲ. ನಾರ್ವೆಯಲ್ಲಿ, ಅಮೆರಿಕದ ಗುಡ್ಡಗಾಡಿನಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಹಳೆಯ ಮನೆಗಳಲ್ಲೂ ಮೊದಲು ಕೆಡುವುದು ನೆಲವೇ. ಅಲ್ಲಿ ಹಲಗೆ ನೆಲವನ್ನು ಭೂಮಿಯಿಂದ ಒಂದೆರಡು ಅಡಿ ಎತ್ತರಿಸಿ, ಕೆಳಗೆ ಗಾಳಿಯಾಡಲು ಜಾಗ ಬಿಟ್ಟಿರುತ್ತಾರೆ. ಚಳಿಗೆ ಹೆದರಿ ಯಾರೋ ಆ ಕಿಂಡಿ ಮುಚ್ಚಿದರೆ, ಇಲ್ಲವೇ ಮನೆ ಸುತ್ತ ಮಣ್ಣು ಏರಿದರೆ, ತೊಲೆ ಶಿಲೀಂಧ್ರ ಹಿಡಿದು ಪುಡಿಯಾಗುತ್ತದೆ. ಅಲ್ಲಿನ ಬಡಗಿ ಹೊಸ ಹಲಗೆ ಜೋಡಿಸುವ ಮೊದಲು ಕಿಂಡಿ ಬಿಡಿಸಿ, ಮನೆಯ ಸುತ್ತಲಿನ ಮಣ್ಣು ತೆಗೆಸುತ್ತಾನೆ. ನಮ್ಮಲ್ಲಿ ಮೊದಲು ಅಂಗಡಿಗೆ ಹೋಗಿ ಟೈಲ್ಸ್ ಬಣ್ಣ ಆರಿಸುತ್ತೇವೆ.

ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಯಂತ್ರ ಬೇಡ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಅಗಲದ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಗೆ ಹನಿ ಕಟ್ಟಿದ್ದರೆ ತೇವ ಭೂಮಿಯದು. ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಎಲ್ಲ ಕೋಣೆ ಒಣಗಿದ್ದು ಒಂದೇ ಮೂಲೆ ಒದ್ದೆಯಿದ್ದರೆ ಬಚ್ಚಲಿನ ಮೇಲೆ ಅನುಮಾನ ಪಡಿ. ಹಂಡೆ ಒಲೆಯ ಹಳೆ ಬಚ್ಚಲುಗಳಲ್ಲಿ ನೀರು ಹೋಗುವ ಕಂಡಿಯ ಗಾರೆ ಬಿರಿದು, ದಿನಾ ಸ್ನಾನದ ನೀರು ಪಾಯಕ್ಕೇ ಇಳಿಯುತ್ತಿರುತ್ತದೆ. ಇನ್ನು ಬೀದಿಯ ಕಡೆಯ ಗೋಡೆ ಮಾತ್ರ ಒದ್ದೆಯಾಗಿದ್ದರೆ ಕಾರಣವನ್ನು ಹುಡುಕಬೇಕಾಗಿಲ್ಲ, ಬಾಗಿಲ ಮುಂದೆಯೇ ಇದೆ. ರಸ್ತೆಗೂ ಗೋಡೆಗೂ ನಡುವೆ ಸಿಗುವಷ್ಟು ಜಾಗದಲ್ಲಿ ಒಂದಡಿ ಅಗಲದ ಕಾಲುವೆ ತೋಡಿ, ದಪ್ಪ ಜಲ್ಲಿ ತುಂಬಿಸಿ, ನೀರು ಚರಂಡಿಗೆ ಹೋಗುವ ಹಾಗೆ ಇಳಿಜಾರು ಕೊಡಿಸಿ. ಪಾಯದ ತಳಕ್ಕಿಂತ ಆಳ ಮಾತ್ರ ಬೇಡ. ನೆಲಕ್ಕೆ ಖರ್ಚು ಮಾಡುವ ಹಣದ ಒಂದು ಪಾಲು ಮನೆಯ ಹೊರಗೆ ಖರ್ಚಾದರೆ ಅದು ದಂಡವಲ್ಲ.

ಇನ್ನು ಚಪ್ಪಡಿ ಎತ್ತುವ ಕೆಲಸ. ಮೊದಲು ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಳೆ ಚಪ್ಪಡಿಗಳು ಒಂದರ ಅಳತೆ ಇನ್ನೊಂದಕ್ಕಿರುವುದಿಲ್ಲ. ಅದರ ಪಕ್ಕದ್ದು ಅದಕ್ಕೇ ಕೂತಿರುತ್ತದೆ. ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೂ ತಟ್ಟಿ. ‘ಟಣ್’ ಎಂದರೆ ಕೆಳಗೆ ಮಣ್ಣು ಗಟ್ಟಿಯಿದೆ, ‘ಡಬ್’ ಎಂದರೆ ಟೊಳ್ಳು. ಎಲ್ಲವನ್ನೂ ಕೀಳಲೇಬೇಕೆಂದಿಲ್ಲ, ಎಷ್ಟೋ ಮನೆಗಳಲ್ಲಿ ಕೆಲವು ಕಲ್ಲು ಎತ್ತಿದರೆ ಸಾಕು. ಸಂದಿನ ಹಳೆ ಗಾರೆಯನ್ನು ಉಳಿಯಿಂದ ಬಿಡಿಸಿ, ಗಡಾರಿ ತೂರಿಸಿ, ಅದರ ಕೆಳಗೆ ಮರದ ತುಂಡು ಕೊಟ್ಟು ಮೀಟಬೇಕು. ಮರ ಕೊಡದಿದ್ದರೆ ಪಕ್ಕದ ಕಲ್ಲಿನ ಅಂಚು ಸಿಗಿದುಹೋಗುತ್ತದೆ. ಮೂರಡಿ ಉದ್ದ, ಎರಡಡಿ ಅಗಲ, ಎರಡಂಗುಲ ದಪ್ಪದ ಚಪ್ಪಡಿ ಎಂದರೆ ಸುಮಾರು 75 ಕೆ.ಜಿ. ತೂಕ. ಒಬ್ಬರೇ ಎತ್ತಲು ಹೋಗಿ ಬೆರಳು ಜಜ್ಜಿಕೊಳ್ಳುವುದು ಬೇಡ.

ಕಲ್ಲು ಎದ್ದಾಗ ಅಡಿಯಲ್ಲಿ ಕಾಣುವುದು ನುಣ್ಣನೆ ಪುಡಿಮಣ್ಣು. ಇರುವೆ ಗೂಡು ತೋಡಿ ಮೇಲೆ ತಂದುಹಾಕಿದ ಮಣ್ಣು ಅದು. ಜೊತೆಗೆ ತೋಳು ತೂರುವಷ್ಟು ಇಲಿ ಬಿಲ, ಬಿಲದೊಳಗೆ ರಾಗಿ ಹೊಟ್ಟು, ನೆಲಗಡಲೆ ಸಿಪ್ಪೆ, ಮಕ್ಕಳ ಹರಿದ ಬಟ್ಟೆಯ ಚೂರು. ಕಲ್ಲು ಆಡುತ್ತಿದ್ದುದು ಕಲ್ಲಿನ ದೋಷದಿಂದಲ್ಲ, ಅದರ ಕೆಳಗಿದ್ದ ಮಣ್ಣು ವರ್ಷಗಟ್ಟಲೆ ಹೀಗೆ ಜಾಗ ಖಾಲಿ ಮಾಡಿದ್ದರಿಂದ.

ಆ ಸಡಿಲ ಮಣ್ಣನ್ನು ಎಂಟೊಂಬತ್ತು ಅಂಗುಲ ತೆಗೆದುಹಾಕಿ. ಗೋಡೆಯ ಪಕ್ಕದ ಒಂದಡಿಯನ್ನು ಮಾತ್ರ ಇಳಿಜಾರಾಗಿ ಹಾಗೇ ಉಳಿಸಿ, ಪಾಯದ ಕಲ್ಲು ಬಯಲಾಗಬಾರದು. ಇಲಿ ಬಿಲಕ್ಕೆ ಗಾಜಿನ ಚೂರು ಬೆರೆಸಿದ ಗಾರೆ ತುಂಬುವುದು ನಮ್ಮ ಕಡೆಯ ಹಳೇ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ತಳವನ್ನು ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದ ಮೇಲೆ ನಾಲ್ಕಂಗುಲ 40 ಎಂ.ಎಂ. ಜಲ್ಲಿ ಹರಡಿ. ಜಲ್ಲಿಯಲ್ಲಿ ಪುಡಿ ಇರಬಾರದು, ಇದೇ ಇಲ್ಲಿನ ಗುಟ್ಟು. ಸಣ್ಣ ರಂಧ್ರದಲ್ಲಿ ಮಾತ್ರ ನೀರು ಮೇಲೇರುತ್ತದೆ, ದಪ್ಪ ಜಲ್ಲಿಯ ನಡುವಿನ ದೊಡ್ಡ ಸಂದಿನಲ್ಲಿ ಅದಕ್ಕೆ ಏರಲಾಗದು. ಪ್ಲಾಸ್ಟಿಕ್ ಹಾಳೆ ಹಾಸಿ ತೇವವನ್ನು ಗೋಡೆಗೆ ದೂಡುವುದಕ್ಕಿಂತ ಇದು ಎಷ್ಟೋ ಮೇಲು. ಜಲ್ಲಿಯ ಮೇಲೆ ಸುಣ್ಣ ಬೆರೆಸಿದ ಮಣ್ಣು ಮೂರಂಗುಲ, ಅದರ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಹಾಸು, ಆಮೇಲೆ ಚಪ್ಪಡಿ. ಮರದ ಕೊಡತಿಯಿಂದ ತಟ್ಟಿ, ರಸಮಟ್ಟ ಇಟ್ಟು, ಬಾಗಿಲ ಕಡೆಗೆ ಕೂದಲೆಳೆ ಇಳಿಜಾರು ಕೊಟ್ಟು ಕೂರಿಸಬೇಕು. ಗೋಡೆಗೂ ಚಪ್ಪಡಿಗೂ ಮಧ್ಯೆ ಒಂದಂಗುಲ ಬಿಟ್ಟು ಅಲ್ಲಿಗೆ ಸುಣ್ಣದ ಗಾರೆಯನ್ನೇ ತುಂಬಿ. ಆ ಒಂದಂಗುಲವೇ ಗೋಡೆಯ ಬುಡ ಉಸಿರಾಡುವ ಜಾಗ.

“ಸುಣ್ಣ ಯಾಕೆ ಸಾರ್, ಸಿಮೆಂಟ್ ಇಲ್ವಾ” ಎಂದು ಮೇಸ್ತ್ರಿ ಕೇಳದೆ ಇರುವುದಿಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿ, ಗಾರೆ ಮಾಡಿ ಬಳಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗಾದ ಗಾರೆ ಸಿಮೆಂಟಿಗಿಂತ ಮೆದು, ತೇವಕ್ಕೆ ದಾರಿ ಕೊಡುತ್ತದೆ, ನಾಳೆ ಕಲ್ಲು ಎತ್ತಬೇಕಾದರೆ ಕಲ್ಲು ಒಡೆಯದೆ ಬಿಡುತ್ತದೆ. ಸಿಮೆಂಟಿನಲ್ಲಿ ಕೂರಿಸಿದ ಚಪ್ಪಡಿಯನ್ನು ಎತ್ತಿದರೆ ಬರುವುದು ಚೂರುಗಳೇ. ಸುಣ್ಣದ ಜೊತೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಇದನ್ನು ಹಳ್ಳಿಯವರ ಮೂಢನಂಬಿಕೆ ಎನ್ನುವವರಿಗೆ ಒಂದು ಮಾತು: 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲೇ. ಅದರ ಹಿಂದಿದ್ದ ಎಂಜಿನಿಯರ್ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರು. ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಈಗ ಅಲ್ಲಿ ಸ್ಮಾರಕವಾಗಿದೆ.

ಒಡೆದ ಕಲ್ಲಿಗೆ ಬದಲಿ ಎಲ್ಲಿ ಸಿಗುತ್ತದೆ? ಈ ಸೀಮೆಯ ಬೆಣಚು ಬೆರೆತ ಬೂದುಗಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಬಂಡೆಯಿಂದ ಅದನ್ನು ಚಪ್ಪಡಿಯಾಗಿ ಎಬ್ಬಿಸುವ ವಿದ್ಯೆ ನಮ್ಮ ಭೋವಿ ಸಮುದಾಯದವರದು. ಬಂಡೆಯ ಮೇಲೆ ಕಟ್ಟಿಗೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಾಕಿ, ಕಾದ ಪದರ ಅಡಿಯ ಬಂಡೆಯಿಂದ ಬಿಟ್ಟುಕೊಂಡ ಸದ್ದು ಸುತ್ತಿಗೆಗೆ ಸಿಕ್ಕ ಕೂಡಲೇ ಬೆಂಕಿಯನ್ನು ಕೆಲವು ಅಂಗುಲ ಮುಂದಕ್ಕೆ ಸರಿಸುತ್ತಾರೆ. ಹೀಗೆ ಸರಿಸುತ್ತ ಸರಿಸುತ್ತ ಸಿಡಿಮದ್ದು ಇಲ್ಲದೆ ಅಂಗಳದಷ್ಟು ದೊಡ್ಡ ಹಾಳೆ ಎದ್ದುಬರುತ್ತದೆ. ಬೆಂಗಳೂರು ಸೀಮೆಯ ಈ ಕೆಲಸವನ್ನು ಕಂಡು ಬೆರಗಾದ ಎಚ್. ವಾರ್ತ್ ಎಂಬಾತ 1895ರಲ್ಲಿ ‘ನೇಚರ್’ ಪತ್ರಿಕೆಗೆ ಅದರ ವಿವರ ಬರೆದಿದ್ದ. ದ್ರಾಕ್ಷಿ ಚಪ್ಪರದ ಕಂಬ, ಹೊಲದ ಬೇಲಿ, ಮನೆಯ ಗೋಡೆ, ಮಾಳಿಗೆ, ನೆಲ ಎಲ್ಲಕ್ಕೂ ಈ ಕಲ್ಲೇ ಆಗಿದ್ದ ಜಿಲ್ಲೆ ಇದು. ಈಗಿನ ಗರಗಸದ ಕಲ್ಲು ನುಣುಪಾಗಿ ಬರುತ್ತದೆ, ಹಳೆಯ ನೆಲದ ಮಧ್ಯೆ ಅದು ಎದ್ದು ಕಾಣುತ್ತದೆ. ಹಾಗಾಗಿ ಬೀಳಿಸುತ್ತಿರುವ ಹಳೆಮನೆಯ ಚಪ್ಪಡಿ ವಿಚಾರಿಸುವುದೇ ಒಳ್ಳೆಯದು. ಕಲ್ಲನ್ನು ಮನೆಯಲ್ಲೇ ಕಟರ್‌ನಲ್ಲಿ ಕತ್ತರಿಸಬೇಕಾಗಿ ಬಂದರೆ ನೀರು ಬಿಟ್ಟುಕೊಂಡು ಕತ್ತರಿಸಲಿ, ಮೇಸ್ತ್ರಿಗೂ ಕೂಲಿಯವರಿಗೂ ಮಾಸ್ಕ್ ಕೊಡಿಸಿ. ಕಲ್ಲುಪುಡಿಯ ಸಿಲಿಕಾ ಶ್ವಾಸಕೋಶಕ್ಕೆ ಹೊಕ್ಕರೆ ವಾಸಿಯಾಗದ ಕಾಯಿಲೆ.

ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಗೌರಿಬಿದನೂರು, ಚಿಂತಾಮಣಿಯ ಮನೆಗಳಲ್ಲಿ ಕಪ್ಪು ಕಡಪ ಕಲ್ಲೂ ಸಾಕಷ್ಟಿದೆ. ಅದು ಸುಣ್ಣದ ಜಾತಿಯ ಕಲ್ಲು. ಬಾತ್‌ರೂಮ್ ತೊಳೆಯುವ ಆಸಿಡ್ ತಾಗಿದರೆ ನೊರೆ ಎದ್ದು ಮೈ ತಿಂದುಹೋಗುತ್ತದೆ. ಶಹಾಬಾದಿ ಕಲ್ಲಿಗೂ ಇದೇ ಮಾತು. ನಿಂಬೆಹಣ್ಣು ಉಜ್ಜುವ ಮನೆಮದ್ದೂ ಬೇಡ.

ಮಣ್ಣಿನ ನೆಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಉಳಿದಿರುವುದೇ ಕಡಿಮೆ. ಹಳ್ಳಿಯ ಹಿತ್ತಲ ಕೋಣೆಗಳಲ್ಲಿ, ಕಣಜದ ಮನೆಗಳಲ್ಲಿ ಇನ್ನೂ ಇದ್ದರೆ ಅದರ ರಿಪೇರಿಗೆ ಕಾಸು ಬೇಡ, ಕೈ ಬೇಕು. ಬಳಸುವ ಮಣ್ಣನ್ನು ಮೊದಲು ಪರೀಕ್ಷಿಸಿ: ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೂಡಲೇ ತಳ ಸೇರುತ್ತದೆ, ಅಂಟುಮಣ್ಣು ಒಂದು ದಿನ ತೆಗೆದುಕೊಂಡು ಮೇಲೆ ಕೂರುತ್ತದೆ. ಅಂಟಿನ ಪದರ ದಪ್ಪವಿದ್ದರೆ ನೆಲ ಬಿರಿಯುತ್ತದೆ, ಮರಳು ಬೆರೆಸಬೇಕು. ಸಗಣಿಯಲ್ಲಿರುವ ಹುಲ್ಲಿನ ನಾರು ಧೂಳನ್ನು ಹಿಡಿದಿಡುತ್ತದೆ. ಸಾರಿಸುವುದನ್ನು ನಿಲ್ಲಿಸಿದ ದಿನದಿಂದ ಮಣ್ಣಿನ ನೆಲ ಸವೆಯತೊಡಗುತ್ತದೆ. ಮನೆಯ ಹೆಂಗಸರ ಬೆನ್ನು ಬಾಗಿಸಿಯೇ ಈ ನೆಲ ಉಳಿದದ್ದು ಎಂಬುದನ್ನೂ ಮರೆಯಬಾರದು. ಅದಕ್ಕಾಗಿಯೇ ಮಣ್ಣಿನ ನೆಲ ಹೋಯಿತೆಂದು ನಾನು ಕಣ್ಣೀರು ಹಾಕುವುದಿಲ್ಲ.

ಈಗ ಶಿಡ್ಲಘಟ್ಟದ ಹುಳುಮನೆಗೆ ಬರೋಣ. ರಾಮನಗರದ ಜೊತೆ ಹೆಸರು ಕೇಳಿಬರುವ ಗೂಡು ಮಾರುಕಟ್ಟೆ ಇರುವ ಊರು ಇದು. ಹಿಂದೆ ಹುಳು ಸಾಕುತ್ತಿದ್ದುದು ವಾಸದ ಮನೆಯಲ್ಲೇ. ನಡುಮನೆಯಲ್ಲಿ ತಟ್ಟೆಗಳ ಅಟ್ಟಣೆ, ಜಗುಲಿಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆ, ಉಳಿದ ಮೂಲೆಯಲ್ಲಿ ಸಂಸಾರ. 1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಕಾಲಿಟ್ಟ ಮೇಲೆ ನೆಲದ ಬಿರುಕಿಗೆ ಹೊಸ ಅರ್ಥ ಬಂತು. ಈ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ತಿಂದು ಬೆಳೆದು, ಹುಳುವನ್ನೋ ಗೂಡನ್ನೋ ತೂತು ಮಾಡಿಕೊಂಡು ಹೊರಬಿದ್ದು, ಕತ್ತಲೆ ಹುಡುಕುತ್ತ ತೆವಳುತ್ತದೆ. ಅದಕ್ಕೆ ಬೇಕಾದದ್ದು ಮಣ್ಣಿನ ನೆಲ ಅಥವಾ ಚಪ್ಪಡಿಯ ಸಂದು. ಅಲ್ಲಿ ಕೋಶವಾಗಿ ಮಲಗಿ, ಕೆಲವೇ ದಿನಗಳಲ್ಲಿ ನೊಣವಾಗಿ ಹಾರಿ ಮುಂದಿನ ಬೆಳೆಗೆ ಕಾದು ಕೂರುತ್ತದೆ. ಹಾಲುತೊಂಡೆ ರೋಗದ ವೈರಸ್ಸೂ, ಸುಣ್ಣಕಟ್ಟಿನ ಶಿಲೀಂಧ್ರದ ಕಣವೂ ನೆಲದ ಧೂಳಿನಲ್ಲಿ ಉಳಿಯುತ್ತವೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ನೆಲ ತೊಳೆದು, ಶೇ. 2ರ ಬ್ಲೀಚಿಂಗ್ ಪುಡಿಯನ್ನು ಶೇ. 0.3ರ ಸುಣ್ಣದ ನೀರಿನಲ್ಲಿ ಕದಡಿ ಸಿಂಪಡಿಸಬೇಕು. ಮಣ್ಣಿನ ನೆಲಕ್ಕೆ ಇದನ್ನು ಸಿಂಪಡಿಸಿದರೆ ಮಣ್ಣು ಕುಡಿದುಬಿಡುತ್ತದೆ, ರೋಗಾಣು ಕೆಳಗೆ ಆರಾಮಾಗಿರುತ್ತದೆ.

ಹಾಗಾಗಿ ಹುಳುಮನೆಗೆ ಬಿರುಕಿಲ್ಲದ, ತೊಳೆಯಬಲ್ಲ ಸಿಮೆಂಟ್ ನೆಲವೇ ಸರಿ, ಅಲ್ಲಿ ನನ್ನ ತಕರಾರಿಲ್ಲ. ಗೋಡೆ ನೆಲ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ಗುಂಡಗೆ ಮಾಡಿದರೆ ಮರಿ ಅಡಗಲು ಜಾಗ ಸಿಗದು. ಆದರೆ ಅದಕ್ಕೆ ಬೇರೆಯೇ ಕಟ್ಟಡ ಬೇಕು. ಮಣ್ಣಿನ ಗೋಡೆಯ ವಾಸದ ಮನೆಯನ್ನೇ ಹುಳುಮನೆ ಮಾಡಿ, ಅದರ ನೆಲಕ್ಕೆ ಸಿಮೆಂಟ್ ಬಳಿದರೆ ಎರಡೂ ಕೆಡುತ್ತವೆ. ಕೊನೆಯ ಹಂತದ ಹುಳುವಿಗೆ ಒಣ ಗಾಳಿ ಬೇಕು, ತೇವ ಹೀರಿದ ಗೋಡೆ ಅದನ್ನು ಕೊಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಗೆದ್ದಲಿಗೆಂದು ನೆಲದಲ್ಲಿ ತೂತು ಕೊರೆದು ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್ ತುಂಬಿಸುವ ಕೆಲಸ ಈಗ ಎಲ್ಲೆಡೆ ನಡೆದಿದೆ. ಹುಳು ಸಾಕುವ ಮನೆಯಲ್ಲಿ, ಹಿಪ್ಪುನೇರಳೆ ಸೊಪ್ಪು ಶೇಖರಿಸುವ ಕೋಣೆಯಲ್ಲಿ ಅದನ್ನು ಮಾಡಿಸಬೇಡಿ. ರೇಷ್ಮೆ ಹುಳುವೂ ಕೀಟವೇ, ಆ ಔಷಧಿಗೆ ಗೆದ್ದಲು ಯಾವುದು, ರೇಷ್ಮೆ ಯಾವುದು ಗೊತ್ತಾಗುವುದಿಲ್ಲ.

ಕೆಂಪು ಗಾರೆಯ ನೆಲಕ್ಕೆ ಈಗ ಬೆಂಗಳೂರಿನಲ್ಲಿ ಹೊಸ ಮೋಹ ಹುಟ್ಟಿದೆ. ಚಿಕ್ಕಬಳ್ಳಾಪುರದಲ್ಲಿ ಅದನ್ನು ಒಡೆದು ಹಾಕುತ್ತಿದ್ದೇವೆ. ಸಿಮೆಂಟಿನ ಜೊತೆ ಕಬ್ಬಿಣದ ಕೆಂಪು ಆಕ್ಸೈಡ್ ಬೆರೆಸಿ, ಹಸಿ ಹಾಸಿನ ಮೇಲೆ ತೆಳುವಾಗಿ ಎಳೆದು, ಗಟ್ಟಿಯಾಗುವ ಮೊದಲು ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತರಿಸಿದ ನೆಲ ಅದು. ಒಂದು ಕೋಣೆಯನ್ನು ಒಂದೇ ಉಸಿರಿಗೆ ಮುಗಿಸಬೇಕು. ಊಟಕ್ಕೆಂದು ನಿಲ್ಲಿಸಿದರೆ ಅಲ್ಲೊಂದು ಗೆರೆ ಕಾಯಂ. ಬಣ್ಣ ಗಾಢವಾಗಲೆಂದು ಆಕ್ಸೈಡ್ ಜಾಸ್ತಿ ಸುರಿದರೆ ಬಲ ತಗ್ಗುತ್ತದೆ. ಒಂದು ವಾರ ನೀರು ಕಟ್ಟಿ ನಿಲ್ಲಿಸದಿದ್ದರೆ ಕೂದಲ ಬಿರುಕು ಖಂಡಿತ. ಹಳೆಯ ಕೆಂಪು ನೆಲ ಒಡೆದರೆ ಅದೇ ಬಣ್ಣ ತರುವೆನೆಂದು ಯಾವ ಮೇಸ್ತ್ರಿ ಹೇಳಿದರೂ ನಂಬಬೇಡಿ. ಹತ್ತಾರು ವರ್ಷ ಕಾಲು ತಿಕ್ಕಿ, ಎಣ್ಣೆ ಕುಡಿದು ಬಂದ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲ. ಅದರ ಬದಲು ಕೆಟ್ಟ ಭಾಗವನ್ನು ನೇರ ಗೆರೆಯಲ್ಲಿ ಕತ್ತರಿಸಿ ತೆಗೆದು, ಆ ಚೌಕಕ್ಕೆ ಕಪ್ಪೋ ಹಳದಿಯೋ ಹಾಕಿಸಿ. ಮುಚ್ಚಿಡಲು ಹೋದ ತೇಪೆಗಿಂತ ತೇಪೆಯೆಂದೇ ಕಾಣುವ ತೇಪೆ ಅಂದ.

ಮರದ ನೆಲ ನಮ್ಮ ಸೀಮೆಯಲ್ಲಿ ಇಲ್ಲವೆಂದಲ್ಲ, ತಲೆಯ ಮೇಲಿದೆ. ಅಟ್ಟದ ನೆಲ, ಮಾಳಿಗೆಯ ನೆಲ ಎಲ್ಲ ಜಂತೆಯ ಮೇಲೇ ನಿಂತಿರುವುದು. ಜಂತೆ ನಡುವಿನಲ್ಲಿ ಅಪರೂಪಕ್ಕೆ ಕೆಡುತ್ತದೆ. ಕೆಡುವುದು ಗೋಡೆಯೊಳಗೆ ಹುದುಗಿದ ತುದಿ. ಮಾಳಿಗೆಯ ನೀರು ಗೋಡೆಗಿಳಿದರೆ ಅಲ್ಲಿ ಶಿಲೀಂಧ್ರ, ಅದರ ಹಿಂದೆಯೇ ಗೆದ್ದಲು. ಚೂಪು ಮೊಳೆಯೊಂದನ್ನು ತುದಿಯ ಹತ್ತಿರ ಒತ್ತಿ ನೋಡಿ. ಸಲೀಸಾಗಿ ಒಳಹೋದರೆ ಆ ಜಂತೆ ಹೆಸರಿಗೆ ಮಾತ್ರ ಇದೆ. ಇಡೀ ಜಂತೆ ಬದಲಿಸಲು ಮಾಳಿಗೆಯನ್ನೇ ಬಿಚ್ಚಬೇಕಾಗುತ್ತದೆ. ಅದಕ್ಕಿಂತ ಕೆಳಗೆ ಜಾಕಿ ಕೊಟ್ಟು ಭಾರ ಎತ್ತಿ ಹಿಡಿದು, ಕೊಳೆತ ತುದಿ ಕತ್ತರಿಸಿ, ಅದರ ಪಕ್ಕಕ್ಕೆ ಹೊಸ ಮರದ ಜೊತೆ ಜಂತೆ ಇಟ್ಟು ಬೋಲ್ಟ್ ಬಿಗಿಯುವುದು ಹಗುರ ಕೆಲಸ. ಹೊಸ ತುದಿ ಗೋಡೆಯ ಮಣ್ಣಿಗೆ ತಾಗದಂತೆ ಕೆಳಗೊಂದು ಚಪ್ಪಡಿ ತುಂಡು ಇಟ್ಟು, ಸುತ್ತ ಅರ್ಧ ಅಂಗುಲ ಗಾಳಿಗೆ ಬಿಡಬೇಕು.

ಜೊತೆ ಜಂತೆಗೆ ಸುಲಭವಾಗಿ ಕೈಗೆ ಸಿಗುವುದು ನೀಲಗಿರಿ. ಇಂಡಿಯಾದಲ್ಲಿ ನೀಲಗಿರಿಯನ್ನು ಮೊದಲು ನೆಟ್ಟದ್ದು 1790ರ ಸುಮಾರಿಗೆ ನಂದಿ ಬೆಟ್ಟದಲ್ಲಿ, ಟಿಪ್ಪುವಿನ ತೋಟದಲ್ಲಿ ಎಂದು ಅರಣ್ಯ ಗ್ರಂಥಗಳು ಹೇಳುತ್ತವೆ. ಅದೇ ಮರ ಈ ಜಿಲ್ಲೆಯ ಹೊಲಗಳನ್ನೆಲ್ಲ ತುಂಬಿ, ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಬೇಕಾಯಿತು. ಹಸಿ ನೀಲಗಿರಿ ಒಣಗುವಾಗ ತಿರುಚಿ ಸೀಳುತ್ತದೆ, ಜಂತೆಗೆ ಅದು ಬೇಡ. ಚೆನ್ನಾಗಿ ಬಲಿತು ಒಣಗಿದ ಬೇವು, ಹೊನ್ನೆ, ಇಲ್ಲವೇ ಹಳೆಮನೆ ಬಿಚ್ಚಿದಾಗ ಸಿಗುವ ತೇಗ ಮೇಲು. ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಗೆದ್ದಲಿಗೆ ಹಿಂದಿನಿಂದ ಬಂದ ಮದ್ದು. ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರ ‘ಚಿಂತಾಮಣಿ-1’ ಎಂಬ ಗೇರು ತಳಿಯನ್ನೇ ಕೊಟ್ಟಿದೆ, ಹಾಗಾಗಿ ಗೇರು ನಮಗೆ ಕರಾವಳಿಯ ಸ್ವತ್ತಷ್ಟೇ ಅಲ್ಲ. ಆ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಕೆಲಸಕ್ಕೆ ಕಾಲ ಯಾವುದು ಎಂದು ಕೇಳಿದರೆ ಸಂಕ್ರಾಂತಿಯಿಂದ ಯುಗಾದಿಯ ತನಕ. ಆಗ ಭೂಮಿ ಒಣಗಿರುತ್ತದೆ, ಸುಣ್ಣ ಗಟ್ಟಿಯಾಗಲು ಬೇಕಾದಷ್ಟು ದಿನ ಮಳೆಯ ಭಯ ಇರುವುದಿಲ್ಲ. ಗೌರಿ ಹಬ್ಬಕ್ಕೆ ಹೊಸ ನೆಲ ಬೇಕೆಂದು ಮಳೆಗಾಲದ ನಡುವೆ ಚಪ್ಪಡಿ ಎಬ್ಬಿಸುವವರು ಕೆಲಸವನ್ನು ಎರಡು ಸಲ ಮಾಡಿಸುತ್ತಾರೆ. ಸಿ.ಸಿ. ರಸ್ತೆ ಮಂಜೂರಾದ ಬೀದಿಯವರು ಹಳೆಯ ಪದರ ಅಗೆದ ಮೇಲೇ ಹೊಸದು ಹಾಕಬೇಕೆಂದು ನಗರಸಭೆಗೆ ಬರವಣಿಗೆಯಲ್ಲಿ ಕೊಡಿ, ಬಾಯಿಮಾತಿಗೆ ಬೆಲೆಯಿಲ್ಲ.

ಕೊನೆಗೆ ಇದೊಂದು ಕೇಳಿಕೆ. ನೀವು ಟೈಲ್ಸ್ ಹಾಕಿಸಿಯೇ ತೀರುವಿರಾದರೂ ಕಿತ್ತ ಚಪ್ಪಡಿಯನ್ನು ಪಾಯಕ್ಕೆ ಜಲ್ಲಿ ಮಾಡಿಸಬೇಡಿ, ಲೋಡಿನ ಲೆಕ್ಕದಲ್ಲಿ ಮಾರಿಬಿಡಬೇಡಿ. ಹಿತ್ತಲಲ್ಲಿ ನಿಲ್ಲಿಸಿಡಿ, ಇಲ್ಲವೇ ಹಳೆಮನೆ ರಿಪೇರಿ ಮಾಡಿಸುತ್ತಿರುವ ನೆರೆಯವರಿಗೆ ಕೊಡಿ. ಬೆಂಕಿಯಲ್ಲಿ ಎಬ್ಬಿಸಿದ ಆ ಕಲ್ಲು ಕಾಸು ಕೊಟ್ಟರೂ ಈಗ ಸುಲಭಕ್ಕೆ ಸಿಗುವುದಿಲ್ಲ.